ಮೆಣಸಿನಕಾಯಿಯ ಹುಳುವಿನ ಮೂಲವನ್ನು ಕುದನೆ ಗಿಡದಲ್ಲಿ ಪತ್ತೆ ಮಾಡುವುದು ಹೇಗೆ?

ಗೋವಾದ ಮಡಗಾಂವ್, ವಾಸ್ಕೋ ಕಡೆ ಹಿತ್ತಿಲಲ್ಲಿ ಮೆಣಸಿನಕಾಯಿ, ಬದನೆ ಬೆಳೆಯುವ ನಮ್ಮ ಕನ್ನಡಿಗರಲ್ಲಿ ಕೆಲವರು, ಕಾಯಿಯೊಳಗೆ ಬಿಳಿ ಹುಳು ಕಂಡ ಕೂಡಲೇ ಮಾವಿನ ತೋಟಕ್ಕೆಂದು ಮಾರುವ, ಗಂಡು ಹಣ್ಣುನೊಣಗಳನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯುಜೆನಾಲ್ ಬಲೆಯನ್ನು ತಂದು ತೂಗುಹಾಕುತ್ತಾರೆ. ಆದರೆ ಬದನೆಯ ಬಳಗದ ಗಿಡಗಳನ್ನೇ ಹೆಚ್ಚಾಗಿ ಹುಡುಕಿಕೊಂಡು ಹೋಗುವ ಬ್ಯಾಕ್ಟ್ರೋಸೆರಾ ಲ್ಯಾಟಿಫ್ರಾನ್ಸ್ ಎಂಬ ಹಣ್ಣುನೊಣ ಆ ವಾಸನೆಗೆ ಬರುವುದಿಲ್ಲ. ಬಲೆಯಲ್ಲಿ ಮಾವಿನ ನೊಣ ತುಂಬಿದರೂ ಮೆಣಸಿನಕಾಯಿ ಉದುರುತ್ತಲೇ ಇರುತ್ತದೆ. ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಮೂಲದ ಈ ನೊಣ 1983ರಲ್ಲಿ ಹವಾಯಿಯಲ್ಲಿ, 2006ರಲ್ಲಿ ತಾಂಜಾನಿಯಾದಲ್ಲಿ ಪತ್ತೆಯಾಯಿತು.

ಮೊದಲು, ಈ ನೊಣ ನೆಲೆಸಿರಬಹುದಾದ ಬದನೆ ಬಳಗದವೇ ಆದ, ಬೇಲಿಯಂಚಿನಲ್ಲಿ ತಾನಾಗಿ ಹುಟ್ಟಿದ ಕುದನೆ, ಅಂದರೆ ಸುಂಡೆಕಾಯಿಯ ಗಿಡವನ್ನೂ ಕಾಕಿಹಣ್ಣಿನ ಗಿಡವನ್ನೂ ನೋಡಿ, ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಕಂದು ಚುಕ್ಕೆಯಿರುವ ಹಣ್ಣುಗಳನ್ನು ಆರಿಸಿಕೊಳ್ಳಬೇಕು. ನೆಲಕ್ಕೆ ಬಿದ್ದವುಗಳಿಂದ ಹುಳು ಆಗಲೇ ಹೊರಟುಹೋಗಿರಬಹುದಾದ್ದರಿಂದ ಗಿಡದಲ್ಲಿರುವುದನ್ನೇ ಕೊಯ್ಯುವುದು ಒಳ್ಳೆಯದು. ಒಂದೆರಡನ್ನು ಸೀಳಿದಾಗ ತಲೆ, ಕಾಲು ಸ್ಪಷ್ಟವಾಗಿರುವ ಹುಳು ಸಿಕ್ಕರೆ ಅದು ಪತಂಗದ ಮರಿ. ಬದನೆಯಲ್ಲಿ ಸಾಮಾನ್ಯವಾಗಿ ಕಾಣುವುದು ಅದೇ. ನೊಣದ ಮರಿಗೆ ಕಾಲಿಲ್ಲ, ಮುಂಭಾಗ ಚೂಪು, ಬಲಿತದ್ದು ಮೈಯನ್ನು ಬಿಲ್ಲಿನಂತೆ ಬಾಗಿಸಿ ಟಕ್ಕನೆ ಚಿಮ್ಮುತ್ತದೆ.

ಉಳಿದ ಹಣ್ಣುಗಳನ್ನು ಅಗಲ ಬಾಯಿಯ ಬಾಟಲಿಯಲ್ಲಿ, ತುಸು ತೇವದ ಮರಳಿನ ಮೇಲಿಟ್ಟು, ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಬೇಕು. ಮರಳು ಒದ್ದೆಮುದ್ದೆಯಾದರೆ ಗೋವಾದ ಸೆಕೆಗೆ ಬೂಷ್ಟು ಹಿಡಿದು ಎಲ್ಲವೂ ಹಾಳಾಗುತ್ತದೆ. ಮರಿಗಳು ಮರಳಿಗಿಳಿದು ಕೋಶವಾದ ಸುಮಾರು 10 ದಿನಗಳಲ್ಲಿ ನೊಣ ಹೊರಬರುತ್ತದೆ. ಆಗಲೇ ಕೊಲ್ಲದೆ ಸಕ್ಕರೆ ನೀರಿನ ಹತ್ತಿಯಿಟ್ಟು ಕೆಲವು ದಿನ ಬದುಕಿಸಿದರೆ ಮೈಬಣ್ಣ ಸ್ಪಷ್ಟವಾಗುತ್ತದೆ.

ಆಮೇಲೆ ಭೂತಗನ್ನಡಿಯಲ್ಲಿ ನೋಡಬೇಕು. ಕಪ್ಪು ಬೆನ್ನಿನ ಎರಡೂ ಬದಿಗೆ ಹಳದಿ ಪಟ್ಟಿಯಿದ್ದು ನಡುವೆ ಇಲ್ಲದಿದ್ದರೆ ಅದು ಸೋರೆ-ಹಾಗಲದ ನೊಣವಲ್ಲ; ಕಿತ್ತಳೆಗಂದು ಹೊಟ್ಟೆಯ ಮೇಲೆ ಮಾವಿನ ನೊಣಕ್ಕಿರುವ ಕಪ್ಪು 'ಟಿ' ಗುರುತೂ ಇಲ್ಲದೆ, ರೆಕ್ಕೆಯಂಚಿನ ಕಂದುಪಟ್ಟಿ ತುದಿಯಲ್ಲಿ ಅಗಲವಾಗಿ ಮಚ್ಚೆಯಂತಿದ್ದರೆ ಲ್ಯಾಟಿಫ್ರಾನ್ಸ್ ಇರಬಹುದೆಂದು ಶಂಕಿಸಬಹುದು. ಖಚಿತಪಡಿಸಿಕೊಳ್ಳಲು ಮಾದರಿಯನ್ನು ಕೀಟತಜ್ಞರಿಗೇ ತೋರಿಸಬೇಕು.

ತಂಬುಳಿಗೆಂದು ಕುದನೆ ಉಳಿಸಿಕೊಂಡವರು ಗಿಡ ಕಡಿಯಬೇಕಿಲ್ಲ, ಆದರೆ ಕಾಯಿ ಎಳೆಯದಾಗಿರುವಾಗಲೇ ಕೊಯ್ಯಬೇಕು, ಗಿಡದಲ್ಲಿ ಹಣ್ಣಾಗಲು ಬಿಡಬಾರದು. ಹುಳು ಬಿದ್ದ ಹಣ್ಣುಗಳನ್ನು ಗೊಬ್ಬರದ ಗುಂಡಿಗೆ ಎಸೆಯದೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಳಗಿನ ಹುಳುಗಳೆಲ್ಲ ಸಾಯುವವರೆಗೆ ಬಿಸಿಲಿಗಿಡಬೇಕು.