ಪಗಾರದ ಹಾಳೆ ಗೋಡೆಗೆ ಹಚ್ಚಿದೆ: ನನ್ನ ಅನುಭವ

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಷಿನ್‌ನಲ್ಲಿ ಲೋಹದ ಭಾಗ ಕೊರೆಯುವ ಶೆಡ್ ನನ್ನದು. ಯಾವ ಕೆಲಸಕ್ಕೆ ಎಷ್ಟು ಪಗಾರ ಅಂತ ಗೋಡೆ ಮೇಲೆ ಬರೆದರೆ ಜಗಳ ಗ್ಯಾರಂಟಿ ಅಂತ ನಮ್ಮ ಸಾಲಿನ ಶೆಡ್‌ನವರೆಲ್ಲ ಹೇಳಿದ್ದರು. ವಿಜಯಪುರದಿಂದ ಬಂದಿದ್ದ ನಮ್ಮ ಕಾಕಾನೂ ಬೇಡ ಅಂದಿದ್ದರು. ಹಾಳೆ ಹಚ್ಚಿ ಮೂರು ವರ್ಷ ಆಯ್ತು. 22 ಜನರಲ್ಲಿ ಬಿಟ್ಟು ಹೋದವರು ಇಬ್ಬರೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರಿಗೂ ಶೇಕಡಾ 10 ಏರಿಸುತ್ತಿದ್ದೆ. 15 ಸಾವಿರದ ಹೆಲ್ಪರ್‌ಗೆ 1,500, ಮಷಿನ್ ಸಜ್ಜು ಮಾಡುವ 28 ಸಾವಿರದ ಸೆಟ್ಟರ್‌ಗೆ 2,800. ಹೆಲ್ಪರ್‌ಗೆ ಸಿಟ್ಟು. ಸೆಟ್ಟರ್ ಅಷ್ಟಕ್ಕೂ ನಿಲ್ಲದೆ ಹತ್ತಿರದ ಇನ್ನೊಂದು ಕೈಗಾರಿಕಾ ಪ್ರದೇಶ ಚಾಕಣಕ್ಕೆ ಹೋದ. ಆಮೇಲೆ ಒಂದೊಂದು ನಗಕ್ಕೆ (ಪೀಸಿಗೆ) ಇಷ್ಟು ಅಂತ ಕೊಟ್ಟು ನೋಡಿದೆ. ಮಾಲು ರಾಶಿ ಬಿತ್ತು, ಜೊತೆಗೆ ರಿಜೆಕ್ಷನ್ನೂ. ಬುಶ್‌ಗಳ, ಅಂದರೆ ಕೊಳವೆಯಂಥ ಭಾಗಗಳ, ಒಂದು ಲಾಟ್ ಪೂರಾ ವಾಪಸ್ ಬಂತು, ಬೋರ್ (ಒಳಗಿನ ತೂತು) ದೊಡ್ಡದಾಗಿತ್ತು. ಸಣ್ಣದಿದ್ದರೆ ಮತ್ತೆ ಮಷಿನ್‌ಗೆ ಹಾಕಬಹುದು, ದೊಡ್ಡದಾದರೆ ಸ್ಕ್ರ್ಯಾಪೇ ಅಲ್ವಾ. ಸುಮಾರು ಎರಡೂವರೆ ಲಕ್ಷ ಹೋಯ್ತು. ಶನಿವಾರಕ್ಕೊಮ್ಮೆ ಪಗಾರ ಕೊಟ್ಟೂ ನೋಡಿದೆ. ಸೋಮವಾರ ಅರ್ಧ ಶೆಡ್ ಖಾಲಿ. ಎರಡೇ ತಿಂಗಳಿಗೆ ನಿಲ್ಲಿಸಿದೆ.

ಈಗ ಶೇಕಡಾ ಇಲ್ಲ, ಕೈಗೆ ಬಂದ ಕೆಲಸಕ್ಕೆ ರೂಪಾಯಿ. ಬೋರ್ ಗೇಜ್‌ನಿಂದ ತೂತು ಅಳೆದು ತಾನೇ ಆಫ್‌ಸೆಟ್ (ಮಷಿನ್‌ಗೆ ಅಳತೆ ತಿದ್ದುಪಡಿ) ಕೊಡುವವನಿಗೆ ತಿಂಗಳಿಗೆ 800. ನಗ ಹಿಡಿಯುವ ಜಾ ಬದಲಿಸಿ ಮೊದಲ ನಗ ಪಾಸ್ ಮಾಡಿಸಿದರೆ 1,500. ಎರಡನೇ ಮಷಿನ್‌ನ ಸೆಟ್ಟಿಂಗ್ ಬಂದರೆ ಇನ್ನೂ 2,000. ಹಾಳೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಇದೆ. ಜನವರಿ, ಜುಲೈಗೆ ಸರ್ಕಾರ ಬೆಲೆ ಏರಿಕೆ ನೋಡಿ ಬದಲಿಸುವ ವಿಶೇಷ ಭತ್ಯೆ ಬೇರೆಯೇ ಕೊಡುತ್ತೇನೆ, ಇದರಲ್ಲಿ ಮುರಿದುಕೊಳ್ಳುವುದಿಲ್ಲ. ಅಲ್ಲಿ ಕೈ ಹಾಕಿದರೆ ಹಾಳೆಯನ್ನು ಯಾರೂ ನಂಬಲ್ಲ. ಕೆಲಸ ಕೈಗೆ ಬಂದಿದೆಯೇ ಅಂತ ಪರೀಕ್ಷೆ ಇದೆ. ಅದರಲ್ಲಿ ಪಾಸ್, ಫೇಲ್ ಯಾರು ಹೇಳುತ್ತಾರೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಜಗಳ ಆಗದಿರುವುದೇ ಅದರಿಂದ.

ತಿಂಗಳ ಖರ್ಚು 35 ಸಾವಿರದಷ್ಟು ಏರಿತು. ಆದರೆ ಹೊಸಬನೊಬ್ಬನ ಕೈ ಕುದುರುವಷ್ಟರಲ್ಲಿ ಟೂಲು, ಮಾಲು ಸೇರಿ ಅಷ್ಟೇ ಹೋಗುತ್ತಿತ್ತು. ಆಗೆಲ್ಲ ತಿಂಗಳಿಗೊಬ್ಬ ಹೊಸಬ ಇರುತ್ತಿದ್ದ.

ಇನ್ನೊಂದು ವಿಷಯ. ಒಬ್ಬ ಆಪರೇಟರ್ ಪರೀಕ್ಷೆ ಪಾಸಾದರೂ ಏರಿಕೆ ಬೇಡ ಅಂದ. ಪಗಾರ 21 ಸಾವಿರ ದಾಟಿದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಹೋಗುತ್ತೆ, ಹೆಂಡತಿಗೆ ಆಗಸ್ಟ್‌ನಲ್ಲಿ ಹೆರಿಗೆ ಅಂದ. ಏಪ್ರಿಲ್‌ನಿಂದಲೇ ಏರಿಸಿದ್ದರೆ ಆಗಲೇ ಅವನ ಕಂತು ನಿಲ್ಲುತ್ತಿತ್ತು. ಮೇ 1ರಿಂದ ಏರಿಸಿದೆ. ಏಪ್ರಿಲ್‌ನಲ್ಲಿ ಮಿತಿಯೊಳಗಿದ್ದವನು ನಡುವೆ ದಾಟಿದರೂ ಸೆಪ್ಟೆಂಬರ್ ಮುಗಿಯುವವರೆಗೆ ಕಂತು ಕಟ್ಟಲೇಬೇಕು, ಸೌಲಭ್ಯವೂ ಇರುತ್ತೆ. ಹೆಣ್ಣು ಮಗು ಆಯ್ತು. ಮರುದಿನ ಶೆಡ್‌ಗೆ ಪೇಡಾ ತಂದು, ಮೊದಲು ಮಷಿನ್ ಮುಂದಿಟ್ಟು, ಆಮೇಲೆ ನನಗೆ ಕೊಟ್ಟ.