ಸಿಂಥ್ ಕೆಟ್ಟಿಲ್ಲ, ಫಿಲ್ಟರ್ ಮುಚ್ಚಿದೆ

ಹೊಸದಾಗಿ ಸಿಂಥಸೈಜರ್ (ಸದ್ದನ್ನು ನಾವೇ ಕಟ್ಟುವ ಕೀಬೋರ್ಡ್, ಚಿಕ್ಕದಾಗಿ ಸಿಂಥ್) ತಂದವರಿಂದ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ. ‘ಸಾರ್, ನಿನ್ನೆ ಚೆನ್ನಾಗಿತ್ತು, ಇವತ್ತು ಸದ್ದೇ ಇಲ್ಲ.’ ಹೋಗಿ ನೋಡಿದರೆ ಫಿಲ್ಟರನ್ನು ತೆರೆದು ಮುಚ್ಚುವ ಕಟಾಫ್ ನಾಬ್ ಪೂರ್ತಿ ಎಡಕ್ಕೆ ತಿರುಗಿರುತ್ತದೆ. ಬಲಕ್ಕೆ ತಿರುಗಿಸಿದರೆ ಮುಗೀತು, ರಿಪೇರಿ ಆಯ್ತು!

ಕೊಳ್ಳುವ ಮುಂಚೆ ಒಂದು ಮಾತು. ತಬಲಾ, ಢೋಲಕ್ ತಾಳವನ್ನು ತಾನೇ ನುಡಿಸುವ, ಆರ್ಕೆಸ್ಟ್ರಾದವರು ಬಳಸುವ ಕೀಬೋರ್ಡ್ ಬೇರೆ. ಅದು ಅರೇಂಜರ್. ನಿಮಗೆ ಅದೇ ಬೇಕಿದ್ದರೆ ಸಿಂಥ್‌ಗೆ ದುಡ್ಡು ಸುರಿಯಬೇಡಿ. ಸಿಂಥ್‌ನಲ್ಲಿ ಸದ್ದನ್ನು ನೀವೇ ಕಟ್ಟಬೇಕು. 1970ರಲ್ಲಿ ಬಂದ ಸಿಂಥ್ ಆದ ಮಿನಿಮೂಗ್‌ನ ಪ್ಯಾನೆಲ್‌ನಲ್ಲಿ ಎಡದಿಂದ ಬಲಕ್ಕೆ ಸದ್ದು ಹುಟ್ಟಿಸುವ ಆಸಿಲೇಟರ್, ಸದ್ದುಗಳನ್ನು ಬೆರೆಸುವ ಮಿಕ್ಸರ್, ಸದ್ದನ್ನು ಕೆತ್ತುವ ಫಿಲ್ಟರ್, ಕೊನೆಗೆ ವಾಲ್ಯೂಮ್ ಇದ್ದವು. ಇವತ್ತಿನ ಬಹಳಷ್ಟು ಸಿಂಥ್‌ಗಳಲ್ಲೂ ಸದ್ದು ಹರಿಯುವುದು ಇದೇ ದಾರಿಯಲ್ಲಿ.

ಮೊದಲು ಮೆನುವಿನಲ್ಲಿ ‘ಇನಿಟ್’ ಎಂಬ ಖಾಲಿ ಸದ್ದನ್ನು ಹುಡುಕಿ. ಕಂಪನಿಯವರು ಮೊದಲೇ ಮಾಡಿಟ್ಟ ಸದ್ದುಗಳಾದ ಪ್ರೀಸೆಟ್‌ಗಳ ಮೇಲೆ ಕಲಿಯಲೇಬೇಡಿ. ಪ್ರೀಸೆಟ್ ಹಾಕಿದಾಗ ನಾಬ್ ಎಲ್ಲಿ ನಿಂತಿದೆಯೋ ಅದಕ್ಕೂ ಕೇಳುವ ಸದ್ದಿಗೂ ಸಂಬಂಧವೇ ಇರುವುದಿಲ್ಲ, ಸುಮ್ನೆ ತಲೆ ಕೆಡುತ್ತದೆ. ಸದ್ದು ಗುಂಯ್‌ಗುಡಿಸುವ ರಿವರ್ಬ್, ಪ್ರತಿಧ್ವನಿ ಕೊಡುವ ಡಿಲೇ ಇದ್ದರೆ ಅವನ್ನೂ ಆಫ್ ಮಾಡಿ.

ಸದ್ದು ಹುಟ್ಟುವುದು ಆಸಿಲೇಟರ್‌ನಲ್ಲಿ. ಅಲ್ಲಿ ಗರಗಸದ ಹಲ್ಲಿನ ಚಿತ್ರವಿರುವ ‘ಸಾ’ (ಇಂಗ್ಲಿಷಿನಲ್ಲಿ ಗರಗಸ, ಸರಿಗಮದ ಸಾ ಅಲ್ಲ) ಅಲೆ ಆರಿಸಿ. ಕೇಳಲು ಒರಟು, ಆದರೆ ಮೂಲ ಸ್ವರದ ಜೊತೆ ಮೊಳಗುವ ಮೇಲಿನ ಸ್ವರಗಳಾದ ಎಲ್ಲ ಹಾರ್ಮೋನಿಕ್‌ಗಳೂ ಇರುವುದರಿಂದ ಕೆತ್ತಲು ಸಾಮಗ್ರಿ ಜಾಸ್ತಿ. ತ್ರಿಕೋನದ ಅಲೆ ಹಾಕಿಕೊಂಡು ‘ಫಿಲ್ಟರ್ ಕೆಲಸವೇ ಮಾಡ್ತಿಲ್ಲ’ ಅನ್ನುವವರಿದ್ದಾರೆ. ಅದರಲ್ಲಿ ಕತ್ತರಿಸಲು ಹೆಚ್ಚೇನೂ ಇಲ್ಲ, ಅಷ್ಟೇ.

ಫಿಲ್ಟರ್ ಅಂದರೇನು? ಗಣೇಶನ ಪೆಂಡಾಲಿನ ಹಾಡು ಎರಡು ಬೀದಿ ಆಚೆಗೆ ಬರೀ ‘ದುಂ ದುಂ’ ಅಂತ ಕೇಳುತ್ತದಲ್ವಾ? ಹತ್ತಿರ ಹೋದಂತೆ ಗಾಯಕನ ದನಿ, ಆಮೇಲೆ ತಾಳದ ಝಣಝಣ. ಕಟಾಫ್ ನಾಬನ್ನು ಎಡದಿಂದ ಬಲಕ್ಕೆ ತಿರುಗಿಸಿದರೆ ಅದೇ ಆಗುತ್ತದೆ. ಕಟಾಫ್ ಜಾಗದ ಸದ್ದನ್ನು ಎತ್ತಿ ತೋರಿಸುವ, ಪಕ್ಕದ ರೆಸೊನೆನ್ಸ್ ನಾಬನ್ನು ಹೆಚ್ಚಿಸುವ ಮೊದಲು ಹೆಡ್‌ಫೋನ್ ವಾಲ್ಯೂಮ್ ಇಳಿಸಿ. ಕೆಲವು ಸಿಂಥ್‌ಗಳು ಕಿವಿ ತೂತಾಗುವಂತೆ ಸಿಳ್ಳೆ ಹಾಕುತ್ತವೆ.

ಈಗ ಎಲ್ಲರೂ ಎಡವುವ ಜಾಗ: ಎನ್ವಲಪ್, ಅಂದರೆ ಕೀ ಒತ್ತಿದ ಮೇಲೆ ಸದ್ದು ಹೇಗೆ ಏರಿ ಇಳಿಯಬೇಕು ಅನ್ನುವುದು. ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ಕು ನಾಬ್. ಇವುಗಳಲ್ಲಿ ಮೂರು ಸಮಯದ ಲೆಕ್ಕ: ಅಟ್ಯಾಕ್ ಸದ್ದು ಏಳುವ ಹೊತ್ತು, ಡಿಕೇ ಅದು ಸಸ್ಟೇನ್ ಮಟ್ಟಕ್ಕೆ ಇಳಿಯುವ ಹೊತ್ತು, ರಿಲೀಸ್ ಕೀ ಬಿಟ್ಟ ಮೇಲೆ ಆರುವ ಹೊತ್ತು. ಸಸ್ಟೇನ್ ಒಂದೇ ಸಮಯವಲ್ಲ, ಮಟ್ಟ. ಕೀ ಒತ್ತಿಹಿಡಿದಷ್ಟು ಹೊತ್ತು ಸದ್ದು ಯಾವ ಮಟ್ಟದಲ್ಲಿ ನಿಲ್ಲಬೇಕು ಅನ್ನುವುದು. ಇದನ್ನು, ಕೀ ಬಿಟ್ಟರೂ ಸ್ವರ ಹಿಡಿದಿಡುವ ಪೆಡಲಿನ ಸಸ್ಟೇನ್ ಎಂದುಕೊಂಡವರು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ನೋಡಿದ್ದೇನೆ.

ಹೀಗೆ ಮಾಡಿ. ಅಟ್ಯಾಕ್ ಸೊನ್ನೆ, ಡಿಕೇ ಸುಮಾರು ಒಂದು ಸೆಕೆಂಡ್, ಸಸ್ಟೇನ್ ಸೊನ್ನೆ, ರಿಲೀಸ್ ಚೂರು. ಕೀ ಒತ್ತಿ, ಬಿಡಬೇಡಿ. ತಂತಿ ಮೀಟಿದಂತೆ ಸದ್ದು ಎದ್ದು, ತಾನಾಗಿ ಆರಿಹೋಗುತ್ತದೆ. ಇದು ವೀಣೆ. ಈಗ ಸಸ್ಟೇನ್ ಪೂರ್ತಿ ಏರಿಸಿ. ಬೆರಳು ಇರುವಷ್ಟು ಹೊತ್ತೂ ಸದ್ದು ಕದಲುವುದಿಲ್ಲ. ಇದು ತಿದಿ ಒತ್ತುತ್ತಲೇ ಇರುವ ಹಾರ್ಮೋನಿಯಂ. ಇದೇ ಸ್ಥಿತಿಯಲ್ಲಿ ಡಿಕೇ ತಿರುಗಿಸಿ ನೋಡಿ. ಏನೂ ಬದಲಾಗದು. ನಾಬ್ ಕೆಟ್ಟಿಲ್ಲ, ಇಳಿಯಲು ಜಾಗವೇ ಇಲ್ಲ! ಇನ್ನು ಅಟ್ಯಾಕ್ ಎರಡು ಸೆಕೆಂಡ್ ಇಟ್ಟು ಚಕಚಕ ನುಡಿಸಿದರೆ ಸದ್ದು ಏಳುವ ಮೊದಲೇ ಬೆರಳು ಎದ್ದಿರುತ್ತದೆ. ‘ಸದ್ದೇ ಇಲ್ಲ’ ಫೋನಿಗೆ ಇದು ಎರಡನೇ ಕಾರಣ. ರಿಲೀಸ್ ಉದ್ದವಾದರೆ ಸ್ವರಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತವೆ. ನಾನಂತೂ ಅರ್ಧ ಸೆಕೆಂಡ್ ದಾಟುವುದಿಲ್ಲ.

ಎಷ್ಟೋ ಸಿಂಥ್‌ಗಳಲ್ಲಿ ಫಿಲ್ಟರ್‌ಗೂ ಇಂಥದ್ದೇ ಇನ್ನೊಂದು ಎನ್ವಲಪ್ ಇರುತ್ತದೆ. ಅದು ಫಿಲ್ಟರನ್ನು ಎಷ್ಟು ಅಲುಗಿಸಬೇಕು ಅನ್ನುವ ‘ಅಮೌಂಟ್’ ಸೊನ್ನೆಯಲ್ಲಿದ್ದರೆ ಉಳಿದ ನಾಲ್ಕನ್ನೂ ಎಷ್ಟು ತಿರುಗಿಸಿದರೂ ವ್ಯರ್ಥ.

ಎಲ್‌ಎಫ್‌ಒ ಅಂದರೆ ಕಿವಿಗೆ ಕೇಳದಷ್ಟು ನಿಧಾನದ ಅಲೆ. ಸೆಕೆಂಡಿಗೆ ಐದಾರು ಸಲ ಸ್ವರವನ್ನು ಅಲುಗಿಸಿದರೆ ವೈಬ್ರಾಟೊ. ಎಡಗಡೆಯ ಎರಡು ಚಕ್ರಗಳಲ್ಲಿ ಮಾಡ್ ಚಕ್ರ ಸಾಮಾನ್ಯವಾಗಿ ಇದನ್ನೇ ಏರಿಸುತ್ತದೆ. ಇನ್ನೊಂದಾದ ಪಿಚ್ ಬೆಂಡ್ ಸ್ವರವನ್ನು ಎಳೆಯುತ್ತದೆ, ಸಾಮಾನ್ಯವಾಗಿ ಮೇಲಕ್ಕೂ ಕೆಳಕ್ಕೂ ಎರಡೆರಡು ಸೆಮಿಟೋನ್ (ಕಪ್ಪು ಬಿಳಿ ಸೇರಿ ಎರಡು ಕೀ ದೂರ). ಗಮಕ ಬೇಕಿದ್ದರೆ ನಾಬ್ ಬಿಟ್ಟು ಇದರ ಮೇಲೆ ಎಡಗೈ ಪಳಗಿಸಿ.

ಅಡಾಪ್ಟರ್ ಕಳೆದರೆ ರಸ್ತೆ ಬದಿಯ ‘ಎಲ್ಲದಕ್ಕೂ ಆಗುತ್ತೆ’ ಅಡಾಪ್ಟರ್ ತರಬೇಡಿ. ವೋಲ್ಟೇಜ್ ಸರಿಯಿದ್ದರೂ ಪ್ಲಸ್ ಮೈನಸ್ ತಿರುಗುಮುರುಗಾದರೆ ಸಿಂಥ್ ಸುಟ್ಟುಹೋಗಬಹುದು. ಹಿಂದಿನ ಲೇಬಲ್ ಓದಿ.

ಒಳ್ಳೆಯ ಸದ್ದು ಸಿಕ್ಕಿತೇ? ಇನ್ನೊಂದು ಪ್ರೀಸೆಟ್ ಕೇಳುವ ಮೊದಲು ‘ರೈಟ್’ ಅಥವಾ ‘ಸೇವ್’ ಒತ್ತಿ, ಖಾಲಿ ನಂಬರ್ ಆರಿಸಿ. ನಂಬರ್ ನೋಡದೆ ಒತ್ತಿ, ಹಿಂದಿನ ವಾರ ಮಾಡಿಟ್ಟಿದ್ದ ಕೊಳಲಿನ ಸದ್ದನ್ನು ಅಳಿಸಿಕೊಂಡವನು ನಾನು.