ಹೈ ಪ್ಲೇನ್ಸ್‌ನಲ್ಲಿ ಅಕ್ಟೋಬರ್ ಪ್ರಯಾಣ: ಹೊರಡುವ ಮುನ್ನ ಗಾಳಿಯ ದಿಕ್ಕು ನೋಡಿ

2020ರ ಸೆಪ್ಟೆಂಬರ್ 7ರಂದು ಅಮೆರಿಕದ ಡೆನ್ವರ್‌ನಲ್ಲಿ 93 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿಲು. ಮರುದಿನ ಅದೇ ಊರಿನಲ್ಲಿ ಹಿಮ ಬಿತ್ತು. ರಾಕಿ ಪರ್ವತಗಳ ಪೂರ್ವಕ್ಕೆ ಹಬ್ಬಿರುವ ಎತ್ತರದ ಬಯಲು ‘ಹೈ ಪ್ಲೇನ್ಸ್‌’ನ ಶರತ್ಕಾಲವೇ ಹಾಗೆ. ದಸರೆ, ದೀಪಾವಳಿ ಹೊತ್ತಿಗೆ ಮಕ್ಕಳ ಮನೆಗೆಂದು ಕೊಲೊರಾಡೊಗೆ ಹೋಗುವ ಅಪ್ಪ-ಅಮ್ಮಂದಿರು, ಕೆಲಸಕ್ಕೆಂದು ಹೊಸದಾಗಿ ಅಲ್ಲಿಗೆ ಹೋದವರು ಮೊಬೈಲಿನಲ್ಲಿ ಸೂರ್ಯನ ಚಿತ್ರ ನೋಡಿ ಕಾರು ಹತ್ತಿಬಿಡುವುದುಂಟು. ಆ ಚಿತ್ರವನ್ನು ನಂಬಿ ಹೊರಡಬೇಡಿ. ಗಾಳಿ ಯಾವ ಕಡೆಯಿಂದ ಬೀಸಲಿದೆ ಎಂಬುದನ್ನು ಮೊದಲು ನೋಡಿ. ಅದನ್ನು ನೋಡುವುದು ಹೇಗೆ, ನೋಡಿದ ಮೇಲೆ ಮಾಡಬೇಕಾದ್ದೇನು ಎಂಬುದು ಇಲ್ಲಿದೆ.

1. ನೆಲದ ಏರಿಳಿತ ತಿಳಿದಿರಲಿ

ಈ ಬಯಲು ನೋಡುವುದಕ್ಕೆ ಸಪಾಟು. ಆದರೆ ಪಶ್ಚಿಮಕ್ಕೆ ಹೋದಷ್ಟೂ ಏರುತ್ತದೆ. ಕಾನ್ಸಾಸ್ ರಾಜ್ಯದ ಗುಡ್‌ಲ್ಯಾಂಡ್ ಊರು ಸುಮಾರು 3,700 ಅಡಿ ಎತ್ತರದಲ್ಲಿದ್ದರೆ ಡೆನ್ವರ್ 5,280 ಅಡಿಯಲ್ಲಿದೆ. ಪೂರ್ವ ಅಥವಾ ಈಶಾನ್ಯದ ಗಾಳಿ ಈ ಏರನ್ನು ಹತ್ತುತ್ತಾ ತಣ್ಣಗಾಗಿ ಮೋಡ ಕಟ್ಟುತ್ತದೆ. ಮೊದಲು ಜಡಿಮಳೆ, ಚಳಿ ಬಿದ್ದರೆ ಹಿಮ. ಪಶ್ಚಿಮದ ಗಾಳಿ ಇದಕ್ಕೆ ತದ್ವಿರುದ್ಧ. ರಾಕಿ ಪರ್ವತ ದಾಟಿ ಕೆಳಗಿಳಿಯುವಾಗ ಪ್ರತಿ ಸಾವಿರ ಅಡಿಗೆ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿ, ಒಣಗಿ ಬರುತ್ತದೆ. ಇದನ್ನು ಅಲ್ಲಿ ‘ಚಿನೂಕ್’ ಎನ್ನುತ್ತಾರೆ.

ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಸುರಿದು, ಇಳಿದು ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಬರಿಗೈಯಾಗುವುದನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ. ಡೆನ್ವರ್‌ನಲ್ಲಿ ದಿಕ್ಕು ಮಾತ್ರ ತಿರುಗುಮುರುಗು: ಅಲ್ಲಿ ಏರು ಹತ್ತಿ ಬರುವುದು ಮೂಡಣ ಗಾಳಿ.

ಇನ್ನೊಂದು ಸಂಗತಿ ಉತ್ತರದ್ದು. ಕೆನಡಾದಿಂದ ಇಳಿಯುವ ಶೀತಗಾಳಿಗೆ ಈ ಬಯಲಿನಲ್ಲಿ ಅಡ್ಡ ಬರುವ ಬೆಟ್ಟವೇ ಇಲ್ಲ. ಪರ್ವತಗಳ ಬುಡ ಹಿಡಿದು ಅದು ನೇರ ದಕ್ಷಿಣಕ್ಕೆ ಜಾರುತ್ತದೆ. ಅದು ತಲುಪುವ ಮುಂಚೆ ಪಶ್ಚಿಮದ ಅಥವಾ ನೈಋತ್ಯದ ಒಣಗಾಳಿ ಜೋರಾಗುವುದರಿಂದ, ಹಿಮದ ಹಿಂದಿನ ದಿನ ಅಂಗಿ ತೋಳು ಮಡಚುವಷ್ಟು ಸೆಕೆ ಇರುವುದುಂಟು. ಅಕ್ಟೋಬರಿನಲ್ಲಿ ಅಕಾಲದ ಬಿಸಿಲೂ ಜೋರು ಗಾಳಿಯೂ ಒಟ್ಟಿಗೆ ಬಂದ ದಿನ ಮುನ್ಸೂಚನೆಯನ್ನು ಇನ್ನೊಮ್ಮೆ ತೆರೆದು ನೋಡಲೇಬೇಕು.

2. ಗಂಟೆವಾರು ಪಟ್ಟಿ ಓದಿ

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ಗಂಟೆಗಂಟೆಯ ಉಷ್ಣಾಂಶ, ಗಾಳಿಯ ವೇಗ, ದಿಕ್ಕು ಎಲ್ಲವೂ ಉಚಿತವಾಗಿ ಸಿಗುತ್ತದೆ. ಹೊರಡುವ ಊರು, ಸೇರುವ ಊರು ಎರಡನ್ನೇ ನೋಡಿದರೆ ಸಾಲದು. ಐ-70 ಹೆದ್ದಾರಿಯಲ್ಲಿ ಡೆನ್ವರ್‌ನಿಂದ ಕಾನ್ಸಾಸ್ ಸಿಟಿ ಸುಮಾರು 600 ಮೈಲಿ. ನಡುವಿನ ಲೈಮನ್, ಬರ್ಲಿಂಗ್ಟನ್, ಗುಡ್‌ಲ್ಯಾಂಡ್ ಊರುಗಳನ್ನೂ ಒಂದೊಂದಾಗಿ ನೋಡಿ.

ಪಟ್ಟಿಯಲ್ಲಿ ಹುಡುಕಬೇಕಾದದ್ದು ಗಾಳಿಯ ದಿಕ್ಕು ಬದಲಾಗುವ ಗಂಟೆ. ಉದಾಹರಣೆಗೆ, ಲೈಮನ್‌ನಲ್ಲಿ ಮಧ್ಯಾಹ್ನ 12ಕ್ಕೆ ನೈಋತ್ಯದ ಗಾಳಿ, 24 ಡಿಗ್ರಿ ಸೆಲ್ಸಿಯಸ್. 3 ಗಂಟೆಗೆ ಉತ್ತರದ ಗಾಳಿ, ವೇಗ ದುಪ್ಪಟ್ಟು. 6ಕ್ಕೆ 4 ಡಿಗ್ರಿ ಎಂದಿದೆ ಎನ್ನಿ. ನೀವು ಲೈಮನ್ ದಾಟುವುದೇ ಸಂಜೆ 4ಕ್ಕೆ ಎಂದಾದರೆ ಬೆಳಗಿನ ಜಾವವೇ ಹೊರಡಿ, ಇಲ್ಲವೇ ಒಂದು ದಿನ ತಡೆಯಿರಿ. ನನ್ನನ್ನು ಕೇಳಿದರೆ ತಡೆಯುವುದೇ ಮೇಲು. ಅಲ್ಲಿನ ಶರತ್ಕಾಲದ ಬಿರುಗಾಳಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮುಂದೆ ಸಾಗಿ, ಬಿಸಿಲು ಮರಳುತ್ತದೆ.

ಎಚ್ಚರಿಕೆಗಳ ಹೆಸರೂ ಗೊತ್ತಿರಲಿ. ‘ವಾಚ್’ ಎಂದರೆ ಆಗುವ ಸಂಭವವಿದೆ, ಯೋಜನೆ ಬದಲಿಸಲು ಸಮಯವಿದೆ. ‘ವಾರ್ನಿಂಗ್’ ಎಂದರೆ ಬಂದೇಬಿಟ್ಟಿದೆ ಅಥವಾ ಬರುವುದು ಬಹುತೇಕ ಖಚಿತ. ‘ಬ್ಲಿಜರ್ಡ್’ ಎನ್ನುವುದಕ್ಕೆ ಹಿಮ ಇಷ್ಟೇ ಇಂಚು ಬೀಳಬೇಕೆಂಬ ಅಳತೆಯಿಲ್ಲ. ಗಂಟೆಗೆ 35 ಮೈಲಿಗೂ ಮೀರಿದ ಗಾಳಿಯಲ್ಲಿ ಹಿಮ ಹಾರಿ, ಕಾಲು ಮೈಲಿ ಆಚೆಯದೂ ಕಾಣದ ಸ್ಥಿತಿ ಮೂರು ಗಂಟೆ ಇದ್ದರೆ ಅದು ಬ್ಲಿಜರ್ಡ್. ಒಣಗಾಳಿಯ ದಿನ ‘ರೆಡ್ ಫ್ಲ್ಯಾಗ್ ವಾರ್ನಿಂಗ್’, ಅಂದರೆ ಬೆಂಕಿ ಹರಡುವ ಅಪಾಯದ ಎಚ್ಚರಿಕೆ, ಇದ್ದರೆ ಹೊರಗೆ ಒಲೆ, ಬೆಂಕಿ, ಪಟಾಕಿ ಯಾವುದೂ ಬೇಡ. ಒಣಹುಲ್ಲಿಗೆ ಬಿದ್ದ ಕಿಡಿ ಆ ಗಾಳಿಯಲ್ಲಿ ಕೈಗೆ ಸಿಗುವುದಿಲ್ಲ.

3. ಮನೆಯ ಕೆಲಸ ಮುಗಿಸಿ

ಡೆನ್ವರ್‌ನಲ್ಲಿ ಮೊದಲ ಬಾರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದು ಸರಾಸರಿ ಅಕ್ಟೋಬರ್ ಮೊದಲ ವಾರದ ಆಸುಪಾಸಿನಲ್ಲಿ. ಕುಂಡದ ಕರಿಬೇವು, ತುಳಸಿಯನ್ನು ಅದಕ್ಕೆ ಮುಂಚೆಯೇ ಒಳಗೆ ತನ್ನಿ. ತೋಟದ ನಲ್ಲಿಗೆ ಸಿಕ್ಕಿಸಿದ ಪೈಪು ಬಿಚ್ಚಿ, ನೀರು ಬಸಿದುಬಿಡಿ.

4. ಕಾರು ಸಜ್ಜು ಮಾಡಿ

ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಎರಡು ಕಂಬಳಿ, ಕುಡಿಯುವ ನೀರು, ಟಾರ್ಚ್, ಸಣ್ಣ ಸಲಿಕೆ, ಫೋನ್ ಚಾರ್ಜರ್, ಹಿರಿಯರ ಒಂದು ದಿನದ ಹೆಚ್ಚುವರಿ ಮಾತ್ರೆ ಜೊತೆಗಿರಲಿ. ಚಪಾತಿ, ಚಟ್ನಿಪುಡಿ, ಅವಲಕ್ಕಿ ಇದ್ದರೆ ರಾತ್ರಿ ಕಳೆಯಬಹುದು.

ಜಾಕೆಟ್, ಟೋಪಿ ಡಿಕ್ಕಿಯ ಸೂಟ್‌ಕೇಸಿನೊಳಗೆ ಬೇಡ, ಕೈಗೆ ಸಿಗುವಂತೆ ಸೀಟಿನ ಮೇಲಿರಲಿ. ಮೊದಲು ಮಳೆಯಲ್ಲಿ ನೆನೆದು, ಆಮೇಲೆ ಗಾಳಿಗೆ ಸಿಕ್ಕರೆ ಮೈಯ ಶಾಖ ಬಹಳ ಬೇಗ ಸೋರಿಹೋಗುತ್ತದೆ. 2013ರ ಅಕ್ಟೋಬರ್ ಮೊದಲ ವಾರ ಸೌತ್ ಡಕೋಟಾದ ಪಶ್ಚಿಮ ಭಾಗದಲ್ಲಿ ಹೀಗೇ ಆಯಿತು. ಚಳಿಗಾಲದ ದಟ್ಟ ಕೂದಲು ಇನ್ನೂ ಬೆಳೆಯದೆ, ಬೇಸಿಗೆಯ ಹುಲ್ಲುಗಾವಲಿನಲ್ಲೇ ಇದ್ದ ದನಗಳು ಮೊದಲು ಮಳೆಗೆ ತೊಯ್ದವು, ಬೆನ್ನಿಗೇ ಹಿಮಬಿರುಗಾಳಿಗೆ ಸಿಕ್ಕವು. ಸತ್ತದ್ದು ಹತ್ತಾರು ಸಾವಿರ ದನ. ಚಳಿಯ ರೂಢಿಯಿದ್ದ ನಾಡಿನ ಜಾನುವಾರುಗಳಿಗೇ ಹೀಗಾದರೆ, ಬೆಂಗಳೂರಿನಿಂದ ಹೋದ ಎಪ್ಪತ್ತರ ಅಮ್ಮನಿಗೆ ಒಂದು ಸ್ವೆಟರ್ ಎಲ್ಲಿ ಸಾಕಾದೀತು?

5. ದಾರಿಯಲ್ಲಿ ಸಿಕ್ಕಿಬಿದ್ದರೆ

ಉತ್ತರದ ದಿಗಂತದಲ್ಲಿ ಕಡುಬೂದು ಮೋಡದ ಗೋಡೆ ಎದ್ದು, ಗಾಳಿ ಒಮ್ಮೆಲೇ ತಿರುಗಿ ದೂಳೇಳಿಸಿದರೆ ಮುಂದಿನ ಊರಿನಲ್ಲೇ ನಿಲ್ಲಿ. ಬರ್ಲಿಂಗ್ಟನ್, ಲೈಮನ್ ಸಣ್ಣ ಊರುಗಳು. ಹೆದ್ದಾರಿ ಮುಚ್ಚಿದ ರಾತ್ರಿ ಮೋಟೆಲ್ ಕೋಣೆಗಳು ಬೇಗ ತುಂಬುತ್ತವೆ, ತಡ ಮಾಡಬೇಡಿ. ಹೆದ್ದಾರಿಗೆ ಗೇಟ್ ಹಾಕಿದ್ದರೆ ಪಕ್ಕದ ಹಳ್ಳಿ ರಸ್ತೆ ಹಿಡಿಯುವ ಸಾಹಸ ಖಂಡಿತ ಬೇಡ. ಅಲ್ಲಿ ಸಿಕ್ಕಿಕೊಂಡರೆ ಹುಡುಕಿ ಬರುವವರೂ ತಡ.

ದೂಳು ಮುಸುಕಿ ಮುಂದೆ ಏನೂ ಕಾಣದಿದ್ದರೆ ಡಾಂಬರಿನಿಂದ ಆದಷ್ಟು ದೂರ ಸರಿದು ನಿಲ್ಲಿಸಿ. ದೀಪಗಳನ್ನೆಲ್ಲ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ಹಿಂದಿನವರು ನಿಮ್ಮ ಕೆಂಪು ದೀಪವನ್ನೇ ರಸ್ತೆಯೆಂದು ನಂಬಿ ಬಂದು ಗುದ್ದದಿರಲಿ ಎಂದು ಈ ಎಚ್ಚರ.

ಹಿಮದಲ್ಲಿ ಕಾರು ಹೂತರೆ ಇಳಿದು ನಡೆಯಬೇಡಿ. ಬಯಲಿನಲ್ಲಿ ಹಿಮ ಹಾರುವಾಗ ನಾಲ್ಕು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. ಎಂಜಿನ್ ಚಾಲೂ ಮಾಡುವ ಮುನ್ನ ಪ್ರತಿ ಸಲವೂ ಹಿಂದಿನ ಹೊಗೆಕೊಳವೆಯ ಸುತ್ತಲಿನ ಹಿಮ ಸರಿಸಿ. ಕೊಳವೆ ಮುಚ್ಚಿದರೆ ವಿಷಾನಿಲ ಒಳಗೇ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲದ್ದರಿಂದ ತಿಳಿಯುವುದೂ ಇಲ್ಲ. ಗಾಳಿ ಬೀಸದ ಬದಿಯ ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿ, ಗಂಟೆಗೆ ಹತ್ತು ನಿಮಿಷ ಹೀಟರ್ ಹಾಕಿ. ತುರ್ತು ಕರೆಗೆ 911. ಮೈಲಿಗಲ್ಲಿನ ಸಂಖ್ಯೆ ಹೇಳಿದರೆ ಬೇಗ ಹುಡುಕುತ್ತಾರೆ, ಆದ್ದರಿಂದ ದಾರಿಯುದ್ದಕ್ಕೂ ಅದನ್ನು ಗಮನಿಸುತ್ತಿರಿ.

6. ಗೇಟ್ ತೆರೆದ ಮೇಲೆ

ಕೊಲೊರಾಡೊದ ‘ಸಿಒಟ್ರಿಪ್’, ಕಾನ್ಸಾಸ್‌ನ ‘ಕ್ಯಾನ್‌ಡ್ರೈವ್’ ಎರಡೂ ಜಾಲತಾಣಗಳಲ್ಲಿ ರಸ್ತೆ ಸ್ಥಿತಿ ನೋಡಿಕೊಂಡು ಹೊರಡಿ. ಗಡಿ ಆಚೆಗೆ ಇನ್ನೂ ಮುಚ್ಚಿರಬಹುದು. ಬಿಸಿಲು ಬಿದ್ದು ರಸ್ತೆ ಒಣಗಿದಂತೆ ಕಂಡರೂ ಸೇತುವೆಗಳ ಮೇಲೆ ತೆಳು ಮಂಜುಗಡ್ಡೆ ಉಳಿದಿರುತ್ತದೆ. ಕೆಳಗಿನಿಂದಲೂ ಗಾಳಿ ಆಡುವುದರಿಂದ ಅವು ಮೊದಲು ಹೆಪ್ಪುಗಟ್ಟುತ್ತವೆ. ಸೇತುವೆಗೆ ಮುಂಚೆಯೇ ವೇಗ ಇಳಿಸಿ, ಮೇಲೆ ಹೋದ ನಂತರ ಬ್ರೇಕ್ ಒತ್ತಬೇಡಿ.